ಒಂದೇ ಬ್ಯಾಗಿನಲ್ಲಿ ಹತ್ತು ದಿನದ ಬಟ್ಟೆ: ಆರಿಸುವುದು, ಸುತ್ತುವುದು, ಒಗೆಯುವುದು ಹೇಗೆ?

ಪ್ರವಾಸ ಮುಗಿಸಿ ಮನೆಗೆ ಬಂದ ದಿನ ಬ್ಯಾಗಿನಲ್ಲಿದ್ದ ಬಟ್ಟೆಯನ್ನೆಲ್ಲ ಒಗೆಯುವ ಬುಟ್ಟಿಗೆ ಸುರಿದುಬಿಡುತ್ತೇವೆ, ಅಲ್ವಾ? ಮುಂದಿನ ಸಲ ಹಾಗೆ ಮಾಡಬೇಡಿ. ಹಾಸಿಗೆ ಮೇಲೆ ಎರಡು ಗುಡ್ಡೆ ಹಾಕಿ. ಹಾಕಿಕೊಂಡಿದ್ದು ಒಂದು ಕಡೆ, ಮುಟ್ಟದೇ ವಾಪಸ್ ತಂದಿದ್ದು ಇನ್ನೊಂದು ಕಡೆ. ಕೆಲವು ವರ್ಷದ ಹಿಂದೆ ಹತ್ತು ದಿನ ತಿರುಗಾಡಿ ಬಂದು ನಾನು ಹೀಗೆ ಮಾಡಿ ನೋಡಿದೆ. ಎರಡನೇ ಗುಡ್ಡೆಯೇ ದೊಡ್ಡದಿತ್ತು. ಮೂರು ಶರ್ಟು, ಎರಡು ಪ್ಯಾಂಟು, ಒಂದು ದಪ್ಪ ಸ್ವೆಟರ್. ಯಾವುದರ ಮಡಿಕೆಯೂ ಬಿಚ್ಚಿರಲಿಲ್ಲ. ಅಷ್ಟನ್ನೂ ಬೆನ್ನ ಮೇಲೆ ಹೊತ್ತುಕೊಂಡು ಮೆಟ್ಟಿಲು ಹತ್ತಿ, ರೈಲು ಬದಲಿಸಿ, ಕೊನೆಗೆ ಇಸ್ತ್ರಿ ಕೂಡ ಕೆಡದ ಹಾಗೆ ಮನೆಗೆ ತಂದಿದ್ದೆ.

ಬಟ್ಟೆ ಮಡಚುವ ಉಪಾಯಗಳನ್ನು ಎಲ್ಲರೂ ಹೇಳಿಕೊಡುತ್ತಾರೆ. ಅವು ಬೇಕು, ಮುಂದೆ ನಾನೂ ಹೇಳುತ್ತೇನೆ. ಆದರೆ ಎಷ್ಟು ಚೆನ್ನಾಗಿ ಮಡಚಿದರೂ ಉಳಿಯುವುದು ಜಾಗ ಮಾತ್ರ, ತೂಕ ಒಂದು ಗ್ರಾಂ ಕೂಡ ಇಳಿಯುವುದಿಲ್ಲ. ಬ್ಯಾಗು ನಿಜವಾಗಿ ಹಗುರಾಗಬೇಕು ಅಂದರೆ ಕಮ್ಮಿ ಬಟ್ಟೆ ಒಯ್ಯಬೇಕು, ದಾರಿಯಲ್ಲಿ ಒಗೆದುಕೊಳ್ಳಬೇಕು. ಉಳಿದಿದ್ದೆಲ್ಲ ಆಮೇಲೆ.

ಮೊದಲು ಬ್ಯಾಗು ಗೊತ್ತು ಮಾಡಿಕೊಳ್ಳಿ

ನಾವು ಸಾಮಾನ್ಯವಾಗಿ ಬಟ್ಟೆ ಜೋಡಿಸಿಟ್ಟು, ಅದು ಹಿಡಿಸುವಷ್ಟು ದೊಡ್ಡ ಬ್ಯಾಗು ಹುಡುಕುತ್ತೇವೆ. ಇದನ್ನು ತಿರುಗಿಸಿ. ಬ್ಯಾಗು ಮೊದಲು, ಅದರಲ್ಲಿ ಹಿಡಿಸುವಷ್ಟೇ ಬಟ್ಟೆ. 30ರಿಂದ 40 ಲೀಟರ್ ಅಳತೆಯ ಒಂದು ಬ್ಯಾಗು ದೊಡ್ಡವರೊಬ್ಬರಿಗೆ ಸಾಕು.

ವಿಮಾನದಲ್ಲಿ ಹೋಗುವುದಾದರೆ ಸೀಟಿನ ಮೇಲಿನ ಗೂಡಿಗೆ ಹೋಗುವ ಬ್ಯಾಗು ಸುಮಾರು 55 ಸೆಂಟಿಮೀಟರ್ ಎತ್ತರ, 35ರಿಂದ 40 ಅಗಲ, 20ರಿಂದ 25 ದಪ್ಪ ಇರಬೇಕು ಅನ್ನುವುದು ಹಲವು ಕಂಪನಿಗಳ ನಿಯಮ. ತೂಕ ಅನೇಕ ಕಡೆ 7 ಕಿಲೊ. ಕೆಲವರು 10 ಕಿಲೊವರೆಗೂ ಬಿಡುತ್ತಾರೆ. ನಿಮ್ಮ ಟಿಕೆಟ್‌ನಲ್ಲಿ ಏನು ಬರೆದಿದೆಯೋ ಅದನ್ನೇ ನಂಬಿ, ಸ್ನೇಹಿತರು ಹೇಳಿದ್ದನ್ನಲ್ಲ.

ಈಗ ಖಾಲಿ ಬ್ಯಾಗನ್ನೇ ತೂಗಿ ನೋಡಿ. ಚಕ್ರ, ಹಿಡಿ, ಗಟ್ಟಿ ಚಿಪ್ಪು ಇರುವ ಸಣ್ಣ ಸೂಟ್‌ಕೇಸು ಖಾಲಿ ಇದ್ದಾಗಲೇ ಎರಡೂವರೆ, ಮೂರು ಕಿಲೊ ಬರುತ್ತದೆ. ಏಳು ಕಿಲೊದಲ್ಲಿ ಮೂರು ಅಲ್ಲೇ ಹೋಯಿತು. ಹೆಗಲಿಗೆ ಹಾಕುವ ಬಟ್ಟೆಯ ಬ್ಯಾಗಾದರೆ ಒಂದರಿಂದ ಒಂದೂವರೆ ಕಿಲೊ. ಬೆನ್ನು ನೋವಿದ್ದವರಿಗೆ ಚಕ್ರದ್ದೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಇಲ್ಲದಿದ್ದರೆ ಹೆಗಲ ಬ್ಯಾಗನ್ನೇ ಆರಿಸಿ, ಅದರಲ್ಲೂ ಸೂಟ್‌ಕೇಸಿನ ಹಾಗೆ ಮೂರು ಕಡೆ ಜಿಪ್ ತೆರೆದು ಪೂರ್ತಿ ಬಿಚ್ಚಿಕೊಳ್ಳುವಂಥದ್ದು. ಬಾಯಿ ಮೇಲೆ ಮಾತ್ರ ಇರುವ ಬ್ಯಾಗಿನಲ್ಲಿ ತಳದಲ್ಲಿರುವ ಒಂದು ಕಾಲುಚೀಲಕ್ಕಾಗಿ ಎಲ್ಲವನ್ನೂ ಹೊರಗೆ ತೆಗೆಯಬೇಕಾಗುತ್ತದೆ.

ದಿನ ಎಣಿಸಬೇಡಿ, ಒಗೆಯುವುದನ್ನು ಎಣಿಸಿ

ಹತ್ತು ದಿನಕ್ಕೆ ಹತ್ತು ಶರ್ಟು ಅನ್ನುವ ಲೆಕ್ಕದಿಂದಲೇ ಬ್ಯಾಗು ಉಬ್ಬುವುದು. ಎರಡು ಮೂರು ದಿನಕ್ಕೊಮ್ಮೆ ಒಗೆಯುತ್ತೇನೆ ಅಂದುಕೊಳ್ಳಿ. ಆಗ ಮೈಮೇಲೆ ಒಂದು, ಹಗ್ಗದ ಮೇಲೆ ಒಂದು, ಬ್ಯಾಗಿನಲ್ಲಿ ಎರಡು ಇದ್ದರೆ ಮುಗಿಯಿತು. ನಾನು ಒಯ್ಯುವುದು ಇಷ್ಟು: ನಾಲ್ಕು ಮೇಲಂಗಿ, ಎರಡು ಪ್ಯಾಂಟು, ಐದು ಜೊತೆ ಒಳ ಉಡುಪು, ಮೂರು ಜೊತೆ ಕಾಲುಚೀಲ, ರಾತ್ರಿ ಮಲಗಲು ಒಂದು ಜೊತೆ, ಬೆಚ್ಚಗಿಡುವ ಒಂದು ಸ್ವೆಟರ್, ಮಳೆ ಗಾಳಿಗೆ ಒಂದು ತೆಳು ಜಾಕೆಟ್. ಹೊರಡುವ ದಿನ ಮೈಮೇಲೆ ಇರುವುದೂ ಇದರಲ್ಲೇ ಸೇರಿತು. ಐದು ದಿನಕ್ಕೂ ಇಷ್ಟೇ, ತಿಂಗಳಿಗೂ ಇಷ್ಟೇ. ತಿಂಗಳಾದರೆ ಜಾಸ್ತಿ ಸಲ ಒಗೆಯುತ್ತೇನೆ, ಅಷ್ಟೇ ವ್ಯತ್ಯಾಸ.

ಬಣ್ಣದ ವಿಷಯ ಸಣ್ಣದಲ್ಲ. ನಾಲ್ಕು ಮೇಲಂಗಿ, ಎರಡು ಪ್ಯಾಂಟು ಎಲ್ಲವೂ ಒಂದಕ್ಕೊಂದು ಹೊಂದಿದರೆ ಎಂಟು ಜೋಡಿ ಸಿಗುತ್ತವೆ. ಒಂದು ಶರ್ಟು ಒಂದೇ ಪ್ಯಾಂಟಿಗೆ ಹೊಂದುವಂತಿದ್ದರೆ, ಆ ಪ್ಯಾಂಟು ಕೊಳೆಯಾದ ದಿನ ಶರ್ಟೂ ಕೆಲಸಕ್ಕೆ ಬಾರದು. ಪ್ಯಾಂಟು ಎರಡೂ ಗಾಢ ಬಣ್ಣದ್ದಿರಲಿ, ಕೊಳೆ ಬೇಗ ಕಾಣುವುದಿಲ್ಲ. ಮೇಲಿನದು ನಿಮ್ಮ ಇಷ್ಟದ ಬಣ್ಣ.

ಇನ್ನು "ಒಂದು ವೇಳೆ ಬೇಕಾದರೆ" ಅಂತ ಇಡುವ ಬಟ್ಟೆ. ಒಂದು ವೇಳೆ ಯಾರಾದರೂ ಊಟಕ್ಕೆ ಕರೆದರೆ, ಒಂದು ವೇಳೆ ಈಜಲು ಹೋದರೆ, ಒಂದು ವೇಳೆ ಚಳಿ ತುಂಬಾ ಆದರೆ. ಅಂಥ ಒಂದೊಂದನ್ನೂ ಕೈಯಲ್ಲಿ ಹಿಡಿದು ಕೇಳಿಕೊಳ್ಳಿ: ಇದು ಇಲ್ಲದಿದ್ದರೆ ಏನಾಗುತ್ತದೆ? ಅಲ್ಲೇ ಕೊಳ್ಳಬಹುದು, ಯಾರಿಂದಲಾದರೂ ಪಡೆಯಬಹುದು, ಇರುವುದರಲ್ಲೇ ಸುಧಾರಿಸಬಹುದು ಅನ್ನುವ ಉತ್ತರ ಬಂದರೆ ಅದನ್ನು ಬೀರುವಿಗೆ ವಾಪಸ್ ಇಡಿ. ಚಳಿ, ಮಳೆಗೆ ಬೇಕಾದ್ದು ಮಾತ್ರ ಬಿಡಬೇಡಿ. ಮದುವೆಯೋ ಮೀಟಿಂಗೋ ಗೊತ್ತಾಗಿಯೇ ಇದ್ದರೆ ಅದರ ಬಟ್ಟೆ ಖಂಡಿತ ಇರಲಿ. ಅದು "ಒಂದು ವೇಳೆ" ಅಲ್ಲ.

ಬಟ್ಟೆ ರಾತ್ರಿ ಬೆಳಗಾಗುವುದರಲ್ಲಿ ಒಣಗಬೇಕು

ಒಗೆದುಕೊಳ್ಳುವ ಲೆಕ್ಕ ನಡೆಯಬೇಕಾದರೆ ಬಟ್ಟೆ ಬೇಗ ಒಣಗಲೇಬೇಕು. ಇಲ್ಲಿ ನೂಲಿನ ಗುಣ ಗೊತ್ತಿರಬೇಕು. ಹತ್ತಿ ನೀರು ಕುಡಿಯುತ್ತದೆ, ಬೇಗ ಬಿಡುವುದಿಲ್ಲ. ಪಾಲಿಯೆಸ್ಟರ್ ನೂಲು ನೀರನ್ನು ಒಳಗೆ ಎಳೆದುಕೊಳ್ಳುವುದೇ ಇಲ್ಲ ಅನ್ನುವಷ್ಟು ಕಮ್ಮಿ, ಹಾಗಾಗಿ ಬೇಗ ಒಣಗುತ್ತದೆ, ಆದರೆ ಬೆವರಿನ ವಾಸನೆ ಅದಕ್ಕೆ ಅಂಟಿಕೊಳ್ಳುವಷ್ಟು ಹತ್ತಿಗೆ ಅಂಟುವುದಿಲ್ಲ. ತೆಳುವಾದ ಮೆರಿನೊ ಉಣ್ಣೆ ಇವೆರಡಕ್ಕಿಂತ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿದರೂ ಮೈಗೆ ಒದ್ದೆ ಅನ್ನಿಸುವುದಿಲ್ಲ, ಮೂರು ನಾಲ್ಕು ದಿನ ಹಾಕಿಕೊಂಡರೂ ವಾಸನೆ ಬರುವುದು ಕಮ್ಮಿ. ಬೆಲೆ ಜಾಸ್ತಿ, ತೂತು ಬೀಳುವುದೂ ಬೇಗ. ಒಂದೇ ಒಂದು ಕೊಂಡರೂ ಸಾಕು. ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ತೆಳು ಬಟ್ಟೆ ಬಹಳ ಜನರಿಗೆ ಸರಿಹೋಗುತ್ತದೆ.

ಜೀನ್ಸ್ ಬೇಕೇ ಬೇಕಾ? ಒಂದು ಜೀನ್ಸ್ ಪ್ಯಾಂಟು ಆರುನೂರು ಏಳುನೂರು ಗ್ರಾಂ ತೂಗುತ್ತದೆ, ತೆಳು ಪ್ಯಾಂಟು ಅದರ ಅರ್ಧ. ತೂಕಕ್ಕಿಂತ ದೊಡ್ಡ ತೊಂದರೆ ಒಣಗದಿರುವುದು. ಒಮ್ಮೆ ರಾತ್ರಿ ಜೀನ್ಸ್ ಒಗೆದು ಹಾಕಿದ್ದೆ. ಬೆಳಿಗ್ಗೆ ಕಾಲಿನ ಭಾಗ ಒಣಗಿತ್ತು, ಸೊಂಟದ ಪಟ್ಟಿ ಮತ್ತು ಜೇಬಿನ ಒಳಗಿನ ಬಟ್ಟೆ ತಣ್ಣಗೆ ಒದ್ದೆ. ಹೊರಡುವ ಹೊತ್ತಾಗಿತ್ತು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿಗೆ ಹಾಕಿದೆ. ಸಂಜೆ ತೆಗೆಯುವ ಹೊತ್ತಿಗೆ ಮುಗ್ಗಲು ವಾಸನೆ ಪಕ್ಕದ ಶರ್ಟುಗಳಿಗೂ ಹತ್ತಿತ್ತು, ಎಲ್ಲವನ್ನೂ ಮತ್ತೆ ಒಗೆಯಬೇಕಾಯಿತು. ಬಿಡಲು ಮನಸ್ಸಿಲ್ಲದಿದ್ದರೆ ಜೀನ್ಸನ್ನು ಮೈಮೇಲೆ ಹಾಕಿಕೊಂಡು ಹೋಗಿ, ಬ್ಯಾಗಿನಲ್ಲಿ ಬೇಡ.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಯ್ಯಬೇಕು ಅಂದುಕೊಂಡಿದ್ದನ್ನು ಸಂಜೆ ಒಗೆದು ಕೋಣೆಯ ಒಳಗೇ ನೇತುಹಾಕಿ, ಬೆಳಿಗ್ಗೆ ಹೊಲಿಗೆ, ಕಂಕುಳು, ಸೊಂಟದ ಪಟ್ಟಿ ಮುಟ್ಟಿ ನೋಡಿ. ತಣ್ಣಗಿದ್ದರೆ ಆ ಬಟ್ಟೆ ಪ್ರವಾಸಕ್ಕಲ್ಲ.

ಚಳಿಗೂ ಒಂದು ದಪ್ಪ ಕೋಟಿಗಿಂತ ತೆಳು ಬಟ್ಟೆ ಒಂದರ ಮೇಲೊಂದು ಹಾಕುವುದು ವಾಸಿ. ಪದರಗಳ ನಡುವೆ ನಿಲ್ಲುವ ಗಾಳಿಯೇ ಬೆಚ್ಚಗಿಡುವುದು.

ಸುತ್ತುವುದು ಹೀಗೆ

ಈಗ ಮಡಿಕೆಯ ಕೆಲಸ. ಒಂದು ಟೀ ಶರ್ಟು ತೆಗೆದುಕೊಳ್ಳಿ, ಓದುತ್ತಲೇ ಮಾಡಿ.

ಟೀ ಶರ್ಟನ್ನು ಹಾಸಿಗೆ ಮೇಲೆ ಹರವಿ, ಅಂಗೈಯಿಂದ ಸುಕ್ಕು ಸವರಿ ತೆಗೆಯಿರಿ. ಕೆಳಗಿನ ಅಂಚನ್ನು ನಾಲ್ಕು ಬೆರಳಗಲ ಹೊರಕ್ಕೆ ಮಗುಚಿ. ಮುಂದೆ ಹಿಂದೆ ಎರಡೂ ಕಡೆ ಮಗುಚಬೇಕು, ಪ್ಯಾಂಟಿನ ತುದಿ ಮೇಲಕ್ಕೆ ಮಡಚಿದ ಹಾಗೆ ಒಂದು ಪಟ್ಟಿ ಸುತ್ತಲೂ ಬರುತ್ತದೆ. ಈಗ ಬಲಭಾಗದ ಮೂರನೇ ಒಂದನ್ನು ಒಳಕ್ಕೆ ಮಡಚಿ, ತೋಳು ಹೊರಗೆ ಚಾಚಿಕೊಂಡಿದ್ದರೆ ಅದನ್ನು ವಾಪಸ್ ಮಡಚಿ. ಎಡಭಾಗವನ್ನೂ ಹಾಗೇ ಅದರ ಮೇಲೆ ತನ್ನಿ. ಉದ್ದನೆಯ ಪಟ್ಟಿಯಾಯಿತು. ಕುತ್ತಿಗೆ ಕಡೆಯಿಂದ ಕೆಳಕ್ಕೆ ಚಾಪೆ ಸುತ್ತಿದ ಹಾಗೆ ಬಿಗಿಯಾಗಿ ಸುತ್ತುತ್ತಾ ಬನ್ನಿ, ಒಂದೊಂದು ಸುತ್ತಿಗೂ ಒತ್ತಿ ಗಾಳಿ ಹೊರಗೆ ಹಾಕಿ. ಕೊನೆಗೆ ನೀವು ಮೊದಲು ಮಗುಚಿದ ಅಂಚು ಸಿಗುತ್ತದೆ, ಅದರಲ್ಲಿ ಜೇಬಿನಂಥ ಬಾಯಿ ಇರುತ್ತದೆ. ಎರಡು ಹೆಬ್ಬೆರಳಿನಿಂದ ಆ ಬಾಯಿ ಅಗಲಿಸಿ ಸುರುಳಿಯ ಮೇಲೆ ತಿರುಗಿಸಿ ಎಳೆಯಿರಿ. ಸುರುಳಿ ತನ್ನನ್ನೇ ಹಿಡಿದುಕೊಳ್ಳುತ್ತದೆ. ಎಸೆದರೂ ಬಿಚ್ಚುವುದಿಲ್ಲ. ಮೊದಲ ಸಲ ಸಡಿಲ ಬರುತ್ತದೆ, ಮೂರನೆಯದಕ್ಕೆ ಕೈ ಕೂರುತ್ತದೆ.

ಟೀ ಶರ್ಟು, ಒಳ ಉಡುಪು, ಪೈಜಾಮ, ಮೆತ್ತನೆ ಪ್ಯಾಂಟು ಇದಕ್ಕೆ ಸರಿ. ದಪ್ಪ ಸ್ವೆಟರ್ ಸುತ್ತಬೇಡಿ, ಇನ್ನೂ ದಪ್ಪ ಆಗುತ್ತದೆ. ಅದನ್ನು ಸುಮ್ನೆ ಚಪ್ಪಟೆಯಾಗಿ ಮಡಚಿ.

ಕಾಲರ್ ಇರುವ, ಇಸ್ತ್ರಿ ಮಾಡಿದ ಶರ್ಟಿಗೆ ಬೇರೆ ದಾರಿ ಇದೆ. ಒಳ ಉಡುಪು, ಕಾಲುಚೀಲ ತುಂಬಿದ ಒಂದು ಸಣ್ಣ ಚೀಲವನ್ನು ದಿಂಬಿನ ಹಾಗೆ ಮಾಡಿಕೊಳ್ಳಿ. ಶರ್ಟುಗಳನ್ನು ಗುಂಡಿ ಹಾಕಿ ಒಂದರ ಮೇಲೊಂದು ಹರವಿ, ನಡುವೆ ಈ ದಿಂಬು ಇಟ್ಟು, ಮೇಲಿನ ಶರ್ಟಿನಿಂದ ಶುರು ಮಾಡಿ ಒಂದೊಂದರ ತೋಳು, ಕೆಳ ಅಂಚನ್ನು ಅದರ ಸುತ್ತ ಸುತ್ತುತ್ತಾ ಹೋಗಿ. ಬಟ್ಟೆಗೆ ಗೆರೆ ಬೀಳುವುದು ಚೂಪಾಗಿ ಮಡಚಿದ ಕಡೆ. ಇಲ್ಲಿ ಚೂಪು ಮಡಿಕೆಯೇ ಇಲ್ಲ, ಹಾಗಾಗಿ ಗೆರೆಯೂ ಕಮ್ಮಿ. ಆದರೆ ಒಂದು ಶರ್ಟು ಬೇಕಾದರೂ ಇಡೀ ಗಂಟು ಬಿಚ್ಚಬೇಕು. ಒಂದೇ ಕಡೆ ಉಳಿಯುವವರಿಗೆ ಇದು ಒಳ್ಳೆಯದು, ದಿನಾ ಊರು ಬದಲಿಸುವವರಿಗೆ ಬೇಡ.

ಗಾಳಿ ಹೀರಿ ಚಪ್ಪಟೆ ಮಾಡುವ ಪ್ಲಾಸ್ಟಿಕ್ ಚೀಲ ನನಗೆ ಇಷ್ಟವಿಲ್ಲ. ಜಾಗ ಉಳಿಯಿತು ಅಂತ ಇನ್ನೂ ನಾಲ್ಕು ಬಟ್ಟೆ ತುರುಕುತ್ತೇವೆ, ತೂಕ ಮಿತಿ ದಾಟುತ್ತದೆ, ಸುಕ್ಕಂತೂ ಹೇಳಲೇಬೇಕಿಲ್ಲ. ಜಿಪ್ ಇರುವ ತೆಳು ಬಟ್ಟೆ ಚೀಲ ಎರಡು ಇರಲಿ, ಒಂದರಲ್ಲಿ ಒಗೆದಿದ್ದು, ಇನ್ನೊಂದರಲ್ಲಿ ಕೊಳೆಯದು.

ಬ್ಯಾಗಿನೊಳಗೆ ಜೋಡಿಸುವುದು

ಭಾರದ ವಸ್ತು ಬೆನ್ನಿಗೆ ಹತ್ತಿರ ಇರಬೇಕು. ಹೊರಗಡೆ ಇಟ್ಟರೆ ಬ್ಯಾಗು ಹಿಂದಕ್ಕೆ ಎಳೆಯುತ್ತದೆ, ಅರ್ಧ ಗಂಟೆ ನಡೆದರೆ ಹೆಗಲು ಹೇಳುತ್ತದೆ. ಸುರುಳಿಗಳನ್ನು ಒಂದರ ಮೇಲೊಂದು ಪೇರಿಸದೆ, ನಿಲ್ಲಿಸಿ ಇಡಿ, ತೆರೆದ ಕೂಡಲೇ ಎಲ್ಲವೂ ಕಾಣುತ್ತವೆ. ಇನ್ನೊಂದು ಜೊತೆ ಪಾದರಕ್ಷೆ ಬೇಕೆಂದರೆ ತೆಳು ಚಪ್ಪಲಿ ಸಾಕು, ಭಾರದ ಶೂ ಕಾಲಲ್ಲಿರಲಿ. ಜಾಕೆಟ್ ಎಲ್ಲಕ್ಕಿಂತ ಮೇಲೆ, ಮಳೆ ಬಂದಾಗ ಬ್ಯಾಗು ಕೆದಕುತ್ತಾ ನಿಲ್ಲಬಾರದು. ವಿಮಾನದಲ್ಲಾದರೆ ಶಾಂಪೂ, ಎಣ್ಣೆಯಂಥವು 100 ಮಿಲಿಲೀಟರ್ ಮೀರದ ಬಾಟಲಿಯಲ್ಲಿ, ಒಂದು ಪಾರದರ್ಶಕ ಚೀಲದಲ್ಲಿ, ತಪಾಸಣೆಗೆ ಸುಲಭವಾಗಿ ತೆಗೆಯುವ ಜಾಗದಲ್ಲಿರಲಿ.

ಒಗೆಯುವುದಕ್ಕೆ ಒಂದು ಟವೆಲ್ ಉಪಾಯ

ರೂಮಿಗೆ ಬಂದ ತಕ್ಷಣ ಒಗೆಯಿರಿ. ಮಲಗುವ ಮುಂಚೆ ಒಗೆದರೆ ಒಣಗಲು ಆರೇಳು ಗಂಟೆ ಸಿಗುತ್ತದೆ, ಸಂಜೆಯೇ ಒಗೆದರೆ ಹನ್ನೆರಡು. ಬೇಸಿನ್‌ನಲ್ಲಿ ನೀರು ತುಂಬಿ ಸ್ವಲ್ಪ ಸೋಪು ಕದಡಿ, ಹತ್ತು ನಿಮಿಷ ನೆನೆಸಿ, ಕಾಲರ್ ಮತ್ತು ಕಂಕುಳ ಭಾಗ ಉಜ್ಜಿ, ನೊರೆ ಹೋಗುವವರೆಗೆ ಜಾಲಿಸಿ. ಉಣ್ಣೆಗೆ ಬಿಸಿನೀರು ಬೇಡ, ಬಿಸಿಯಲ್ಲಿ ಉಜ್ಜಿದರೆ ಕುಗ್ಗುತ್ತದೆ.

ಮುಖ್ಯ ಕೆಲಸ ಇನ್ನು ಮುಂದೆ. ಕೈಯಿಂದ ಒತ್ತಿ ಬರುವಷ್ಟು ನೀರು ತೆಗೆದ ಮೇಲೆ ಒಣ ಟವೆಲ್ ಹಾಸಿ, ಅದರ ಮೇಲೆ ಬಟ್ಟೆ ಹರವಿ, ಎರಡನ್ನೂ ಸೇರಿಸಿ ಬಿಗಿಯಾಗಿ ಸುತ್ತಿ. ಸುರುಳಿಯನ್ನು ನೆಲಕ್ಕಿಟ್ಟು ಮೊಣಕಾಲಿನಿಂದ ಈ ತುದಿಯಿಂದ ಆ ತುದಿಯವರೆಗೆ ಅದುಮಿ. ಬಿಚ್ಚಿ ನೋಡಿದರೆ ಟವೆಲ್ ಭಾರವಾಗಿರುತ್ತದೆ, ಶರ್ಟಿನಿಂದ ಒಂದು ಹನಿಯೂ ತೊಟ್ಟಿಕ್ಕುವುದಿಲ್ಲ. ಹ್ಯಾಂಗರಿಗೆ ಹಾಕಿ, ಗೋಡೆಗೆ ತಾಗದ ಹಾಗೆ, ಫ್ಯಾನ್ ಗಾಳಿ ಬೀಳುವ ಕಡೆ ತೂಗುಹಾಕಿ. ಈ ಉಪಾಯ ಕಲಿತ ಮೇಲೆ ನನ್ನ ಮೇಲಂಗಿ ಆರರಿಂದ ನಾಲ್ಕಕ್ಕೆ ಇಳಿದವು.

ಹೊರಡುವ ಹಿಂದಿನ ದಿನ

ತುಂಬಿದ ಬ್ಯಾಗು ಹಾಕಿಕೊಂಡು ಇಪ್ಪತ್ತು ನಿಮಿಷ ನಡೆದು ಬನ್ನಿ, ಮೆಟ್ಟಿಲು ಇದ್ದರೆ ಹತ್ತಿ ಇಳಿಯಿರಿ. ಮನೆಯ ತೂಕದ ಯಂತ್ರದ ಮೇಲೆ ಬ್ಯಾಗು ಹಾಕಿಕೊಂಡು ನಿಂತು, ಆಮೇಲೆ ಬ್ಯಾಗಿಲ್ಲದೆ ನಿಂತು, ವ್ಯತ್ಯಾಸ ನೋಡಿ. ಭಾರ ಅನ್ನಿಸಿದರೆ ಈಗಲೇ ಎರಡು ಬಟ್ಟೆ ತೆಗೆಯಿರಿ, ನಾಳೆ ದಾರಿಯಲ್ಲಿ ತೆಗೆದಿಡಲು ಜಾಗ ಇರುವುದಿಲ್ಲ.

ಒಯ್ಯುತ್ತಿರುವುದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಒಳಜೇಬಿಗೆ ಹಾಕಿ. ವಾಪಸ್ ಬಂದು ಎರಡು ಗುಡ್ಡೆ ಹಾಕಿದಾಗ, ಮುಟ್ಟದೇ ಇದ್ದದ್ದನ್ನು ಆ ಚೀಟಿಯಲ್ಲಿ ಹೊಡೆದುಹಾಕಿ, ಮುಂದಿನ ಸಲ ಅದೇ ಚೀಟಿ ನೋಡಿಕೊಂಡು ತುಂಬಿ. ನನ್ನ ಚೀಟಿಯಲ್ಲಿ ಕೊನೆಯದಾಗಿ ಹೊಡೆದುಹಾಕಿದ್ದು ಬೆಲ್ಟು. ಎರಡೂ ಪ್ಯಾಂಟು ಬೆಲ್ಟಿಲ್ಲದೆಯೇ ಸೊಂಟಕ್ಕೆ ಕೂರುತ್ತವೆ.