ಸಂಚಿಯಿಂದ ಹೊಗೆಸೊಪ್ಪು ಬಿಡಿಸುವುದು ಹೇಗೆ

ನಾನು ಇಪ್ಪತ್ತೆರಡು ವರ್ಷ ಕವಳ, ಅಂದರೆ ಎಲೆಅಡಿಕೆ, ಹಾಕಿದವನು. ನಮ್ಮ ಮಲೆನಾಡಿನ ಕಡೆ ಹೊಗೆಸೊಪ್ಪಿಲ್ಲದಿದ್ದರೆ ಅದು ಕವಳವೇ ಅಲ್ಲ. ಬಿಟ್ಟು ನಾಲ್ಕು ವರ್ಷವಾಯಿತು. ಅದಕ್ಕೂ ಮುಂಚೆ ಮೂರು ಸಲ ಬಿಟ್ಟು, ಮೂರು ಸಲವೂ ವಾರದೊಳಗೆ ಮತ್ತೆ ಸಂಚಿ ಬಿಚ್ಚಿದ್ದೆ. ಮನಸ್ಸು ಗಟ್ಟಿ ಇಲ್ಲ ಅಂತ ಎಲ್ಲರೂ ಅಂದರು. ನಾನೂ ನಂಬಿದ್ದೆ. ಅದು ಪೂರ್ತಿ ನಿಜ ಅಲ್ಲ.

ಎಲೆಗೆ ಸುಣ್ಣ ಹಚ್ಚುತ್ತೇವಲ್ಲ, ಆ ಸುಣ್ಣ ತಾಗಿದರೆ ಹೊಗೆಸೊಪ್ಪಿನಲ್ಲಿ ಚಟ ಹಿಡಿಸುವ ನಿಕೋಟಿನ್ ಕೆನ್ನೆಯ ಒಳಗಿಂದ ಸಲೀಸಾಗಿ ರಕ್ತಕ್ಕೆ ಇಳಿಯುತ್ತದೆ. ತಲೆ ಹಗುರಾಗುತ್ತದೆ. ಸುಮಾರು ಎರಡು ತಾಸಿಗೆ ರಕ್ತದಲ್ಲಿದ್ದದ್ದು ಅರ್ಧವಾಗುತ್ತದೆ, ಕಿರಿಕಿರಿ ಶುರುವಾಗುತ್ತದೆ. ಇನ್ನೊಂದು ಕವಳ ಬಿದ್ದರೆ ಸಮಾಧಾನ. ಕವಳ ಹಾಕಿದರೆ ಕೆಲಸ ಓಡುತ್ತದೆ ಅಂತೀವಿ. ಕೆಲಸ ನಿಲ್ಲಿಸಿದ್ದೂ ಅದೇ ಅಲ್ವಾ?

ಮೊದಲು ಮೂರು ದಿನ ಏನೂ ಬಿಡಬೇಡಿ, ಯಾವ್ಯಾವಾಗ ಕವಳ ಹಾಕಿದಿರಿ ಅಂತ ಬರೀ ಬರೆದಿಡಿ. ನನ್ನದು ದಿನಕ್ಕೆ ಹನ್ನೊಂದು. ಕಾಫಿ ಆದಮೇಲೆ, ತೋಟಕ್ಕೆ ಇಳಿಯುವಾಗ, ಊಟ ಆದಮೇಲೆ, ಯಾರಾದರೂ ಮನೆಗೆ ಬಂದಾಗ. ಆಮೇಲೆ ಬಿಡಲು ಒಂದು ದಿನ ಗೊತ್ತು ಮಾಡಿ. ಅಡಿಕೆಯ ಕೊನೆಕೊಯ್ಲಿನ ಸಮಯ ಬೇಡ. ಅಡಿಕೆ ಸುಲಿಯುವವರ ಜೊತೆ ಕೂತರೆ ಕವಳದ ತಟ್ಟೆ ತಿರುಗುತ್ತಲೇ ಇರುತ್ತದೆ.

ಹೊಗೆಸೊಪ್ಪು ಬಿಟ್ಟು ಬರೀ ಅಡಿಕೆ ಅಗಿಯೋಣ ಅನ್ನಬೇಡಿ. ಅಡಿಕೆ ಬೆಳೆದೇ ಮಕ್ಕಳನ್ನು ಓದಿಸಿದವನು ನಾನು, ಹೇಳಲು ಸಂಕಟವಾಗುತ್ತದೆ. ಆದರೆ ಬರೀ ಅಡಿಕೆಯಿಂದಲೂ ಕ್ಯಾನ್ಸರ್ ಬರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಹೊಗೆಸೊಪ್ಪಿನ ಆಸೆ ತಡೆಯಲು 2 ಮಿಲಿಗ್ರಾಂ ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಹಿಂದೊಮ್ಮೆ ನಾನು ಅದನ್ನು ಮಾಮೂಲಿ ಚ್ಯೂಯಿಂಗ್ ಗಮ್ ಥರ ಅಗಿದು, ಬಿಕ್ಕಳಿಕೆ ಹತ್ತಿ ಎಸೆದಿದ್ದೆ. ಹಾಗಲ್ಲ. ನಿಧಾನ ಅಗಿಯಿರಿ. ಚುರುಗುಟ್ಟಿದ ತಕ್ಷಣ ನಿಲ್ಲಿಸಿ, ಕವಳ ಒತ್ತರಿಸುವ ಹಾಗೇ ಕೆನ್ನೆಗೂ ವಸಡಿಗೂ ನಡುವೆ ಇಡಿ. ಚುರುಚುರು ಕಡಿಮೆಯಾದಾಗ ಮತ್ತೆ ಅಗಿಯಿರಿ. ಹೀಗೆ ಅರ್ಧ ತಾಸು. ಅದಕ್ಕೆ ಕಾಲು ತಾಸು ಮುಂಚೆಯಿಂದ ಕಾಫಿ, ನಿಂಬೆಹಣ್ಣಿನ ಪಾನಕ ಬೇಡ. ಸುಣ್ಣ ಮಾಡುವುದಕ್ಕೆ ಹುಳಿ ಉಲ್ಟಾ, ನಿಕೋಟಿನ್ ಇಳಿಯಲು ಬಿಡುವುದಿಲ್ಲ. ಹೃದಯದ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ತಗೊಳ್ಳಿ.

ಮೊದಲ ವಾರ, ಅದರಲ್ಲೂ ಎರಡನೇ ಮೂರನೇ ದಿನ, ತುಂಬಾ ಕಷ್ಟ. ಮನೆಯವರಿಗೆ ಮೊದಲೇ ಹೇಳಿಡಿ. ಮೂರನೇ ದಿನ ಸಂಜೆ ನನ್ನ ಕೈ ತಾನಾಗಿ ಸೊಂಟಕ್ಕೆ ಹೋಯಿತು. ಸಂಚಿಯಲ್ಲಿ ಹೆಂಡತಿ ಸೋಂಪು, ನಾಲ್ಕು ಲವಂಗ ತುಂಬಿಟ್ಟಿದ್ದಳು. ಒಳ್ಳೆಯದಕ್ಕೇ ಮಾಡಿದ್ದು. ಆದರೆ ಬಟ್ಟೆಯಲ್ಲಿ ಹಳೇ ಹೊಗೆಸೊಪ್ಪಿನ ಘಾಟು ಹಾಗೇ ಇತ್ತು, ಬಾಯಲ್ಲಿ ನೀರೂರಿತು. ಸೋಂಪನ್ನು ಸ್ಟೀಲ್ ಡಬ್ಬಿಗೆ ಸುರಿದು, ಸಂಚಿಯನ್ನು ಬಚ್ಚಲ ಒಲೆಗೆ ಹಾಕಿದೆ. ನೀವು ಮೊದಲ ದಿನವೇ ಹಾಕಿ. ಆಸೆ ಕೆರಳಿದರೆ ಹತ್ತು ನಿಮಿಷ ತಳ್ಳಿ. ನೀರು ಕುಡಿಯಿರಿ, ತೋಟದ ಕೆಳಗಿನವರೆಗೆ ಸುಮ್ನೆ ಹೋಗಿ ಬನ್ನಿ.

ನಡುವೆ ಒಂದು ಕವಳ ಹಾಕಿಬಿಟ್ಟರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ತಂಬಾಕು ಬಿಡಲು ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-11-2356. ಕನ್ನಡದಲ್ಲೇ ಮಾತಾಡಬಹುದು.

ಇವತ್ತೇ ಇನ್ನೊಂದು ಕೆಲಸ ಮಾಡಿ. ಕನ್ನಡಿ ಮುಂದೆ ಬಾಯಿ ಅಗಲಿಸಿ, ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ನೋಡಿ. ಹಿಡಿಯದಿದ್ದರೆ, ಖಾರ ತಿಂದರೆ ಉರಿದರೆ, ಬಿಳಿ ಮಚ್ಚೆ ಕಂಡರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ನನಗೆ ಎರಡೇ ಬೆರಳು ಹಿಡಿಯುತ್ತಿತ್ತು. ಈಗಲೂ ಅಷ್ಟೇ ಇದೆ, ಆರು ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರುತ್ತೇನೆ.