ಕಾರವಾರದ ಕೋಡಿಬಾಗದ ನಮ್ಮ ಹಳೇ ಮನೇಲಿ ನಾಲ್ಕು ಸಂಸಾರ, ಒಂದೇ ಅಡುಗೆಮನೆ

ನಮ್ಮ ಹಿತ್ಲಲ್ಲಿ ಒಂದು ಹಲಸಿನ ಮರ ಇದೆ, ಮಾವನವರು ನೆಟ್ಟಿದ್ದು. ಒಂದೊಂದು ಹಣ್ಣು ಹತ್ತು ಹನ್ನೆರಡು ಕೆಜಿ ತೂಗತ್ತೆ. ಮಕ್ಕಳು ಪುಣೆ, ಬೆಂಗಳೂರು ಅಂತ ಹೋದ್ಮೇಲೆ ಮನೇಲಿ ಉಳಿದಿದ್ದು ನಾನು, ನಮ್ಮನೆಯವ್ರು ಇಬ್ರೇ, ಇಬ್ರಿಗೆ ಹನ್ನೆರಡು ಕೆಜಿ ಹಣ್ಣು ಏನ್ಮಾಡೋದು, ಅರ್ಧ ತಿಂದು ಅರ್ಧ ಕೊಳೆತು ನೊಣ ಮುತ್ತಿ ಕೊನೆಗೆ ಕಸದ ಗಾಡಿಗೆ ಹಾಕೋದು, ಪ್ರತಿ ವರ್ಷ ಇದೇ ಕಥೆ. 2018ರ ಮೇ ತಿಂಗಳಲ್ಲಿ ಒಂದು ಸಂಜೆ ಕೈಗೆ ಎಣ್ಣೆ ಹಚ್ಕೊಂಡು ಹಣ್ಣು ಕೊಯ್ಯೋಕೆ ಕೂತವಳು ಮಹಡಿ ಮೇಲಿನ ಬಾಡಿಗೆಯವ್ರನ್ನ, ಹಿಂದಿನ ಔಟ್‌ಹೌಸಿನವ್ರನ್ನ ಎಲ್ರನ್ನೂ ಕರೆದೆ. ಅಂಗಳದಲ್ಲಿ ಹನ್ನೊಂದು ಜನ ಕೂತ್ರು, ಅರ್ಧ ಗಂಟೇಲಿ ಹಣ್ಣು ಖಾಲಿ, ಬೇಳೆ, ಅಂದ್ರೆ ಹಲಸಿನ ಬೀಜ, ತೊಳೆದು ಒಣಗೋಕೆ ಹಾಕಿ ಆಯ್ತು, ರೆಚ್ಚೆನ, ಅಂದ್ರೆ ಸಿಪ್ಪೆ ನಾರನ್ನ, ಬೀದಿ ದನಕ್ಕೆ ಹಾಕಿ ಆಯ್ತು. ಒಂದೇ ಕಂಪೌಂಡಲ್ಲಿ ನಾಲ್ಕು ಒಲೆ, ನಾಲ್ಕು ಸಿಲಿಂಡರು, ನಾಲ್ಕು ಫ್ರಿಜ್ಜು, ನಾಲ್ಕು ಜನ ಬೇರೆ ಬೇರೆ ಹೋಗಿ ಹುಬ್ಬಳ್ಳಿಯಿಂದ ಬಂದ ಅದೇ ಬಾಡಿದ ತರಕಾರಿ ತರೋದು ಯಾಕೆ ಅಂತ ಆವತ್ತು ಮೊದಲ ಸಲ ಅನ್ನಿಸ್ತು.

ಮನೆ ಬಗ್ಗೆ ಸ್ವಲ್ಪ ಹೇಳ್ತೀನಿ. ಚಿರೇಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಒಂದು ಪಕ್ಕಕ್ಕೆ ಆಮೇಲೆ ಕಟ್ಟಿದ ಆರ್‌ಸಿಸಿ ಮಹಡಿ. ಜಾಗ ಒಟ್ಟು ಆರು ಗುಂಟೆ. ಕಾಳಿ ನದಿ ಸಮುದ್ರ ಸೇರೋ ಜಾಗ ಹತ್ರಾನೇ, ಹಾಗಾಗಿ ಮಣ್ಣು ಅಂದ್ರೆ ಬರೀ ಹೊಯ್ಗೆ, ಮರಳು, ಮಳೆಗಾಲದಲ್ಲಿ ಬಾವಿ ಕೈಗೆ ಸಿಗೋಷ್ಟು ತುಂಬತ್ತೆ, ಏಪ್ರಿಲ್ ಬಂತಂದ್ರೆ ಉಪ್ಪು. ಮಹಡಿ ಮೇಲೆ ಶಿರಸಿ ಕಡೆಯ ಮೇಷ್ಟ್ರ ಸಂಸಾರ, ನಾಲ್ಕು ಜನ, ಮೀನು ಮುಟ್ಟದವರು. ಪಕ್ಕದ ರೂಮಲ್ಲಿ ಇಬ್ಬರು ನರ್ಸ್ ಹುಡುಗೀರು, ಒಬ್ಬಳು ಅಂಕೋಲೆಯವಳು, ಇನ್ನೊಬ್ಬಳು ಜೋಯಿಡಾದವಳು. ಔಟ್‌ಹೌಸಲ್ಲಿ ಕೊಂಕಣಿ ಮಾತಾಡೋ ಡ್ರೈವರ್ ಸಂಸಾರ, ಮೂರು ಜನ, ಅವ್ರಿಗೆ ಮೀನಿಲ್ಲದೆ ಊಟ ಇಳಿಯಲ್ಲ.

ಒಂದೇ ಅಡುಗೆಮನೆ ಅಂದ ತಕ್ಷಣ ಮೊದಲು ಎದ್ದಿದ್ದೇ ಮೀನಿನ ಪ್ರಶ್ನೆ. ಒಳಗಿನ ಅಡುಗೆಮನೇಲಿ ಅನ್ನ, ಸಾರು, ಪಲ್ಯ, ತಂಬುಳಿ, ಹಿತ್ಲ ಬದಿಗೆ ಮಾಡಿಳಿಸಿದ ಜಾಗದಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಕತ್ತಿ, ಮೀನು ಅಲ್ಲೇ ಕೊಯ್ಯೋದು ಅಲ್ಲೇ ಬೇಯಿಸೋದು ಅಲ್ಲೇ ಉಣ್ಣೋದು ಅಂತ ಆಯ್ತು. ಮೇಷ್ಟ್ರ ಹೆಂಡತಿ ಮೊದಮೊದಲು ಆ ಕಡೆಗೇ ಬರ್ತಿರ್ಲಿಲ್ಲ, ಈಗ ಬಂಗಡೆ ತೊಳೆದ ನೀರು ಬಸಳೆ ಬುಡಕ್ಕೆ ಹಾಕಿದ್ರೋ ಇಲ್ವೋ ಅಂತ ಅವರೇ ಕೇಳ್ತಾರೆ. ಹೊಯ್ಗೆ ಮಣ್ಣಿಗೆ ಮೀನಿನ ನೀರು, ಮೀನಿನ ತಲೆ ಮೂಳೆಗಿಂತ ಒಳ್ಳೆ ಗೊಬ್ಬರ ನಾನಂತೂ ನೋಡಿಲ್ಲ, ಕರಾವಳಿಯ ತೆಂಗಿನ ಮರಗಳು ಬೆಳೆದಿದ್ದೇ ಅದ್ರಲ್ಲಿ. ಎರಡಡಿ ಆಳಕ್ಕೆ ಹೂಳ್ಬೇಕು ಅಷ್ಟೇ, ಇಲ್ಲಾಂದ್ರೆ ರಾತ್ರಿ ನಾಯಿ ಕೆದಕಿ ಬೆಳಿಗ್ಗೆ ಅಂಗಳ ಪೂರ್ತಿ ಮೂಳೆ. ಉಳಿದಿದ್ದನ್ನ ಸಮತೂಕ ಬೆಲ್ಲದ ಜೊತೆ ಡಬ್ಬೀಲಿ ಹಾಕಿ ತಿಂಗಳು ಬಿಟ್ಟು, ಲೀಟರಿಗೆ ಎರಡು ಮೂರು ಎಂಎಲ್ ಲೆಕ್ಕದಲ್ಲಿ ನೀರಿಗೆ ಬೆರೆಸಿ ಗಿಡಕ್ಕೆ ಹೊಡೀತೀವಿ. ಜೂನ್, ಜುಲೈ ಟ್ರಾಲಿಂಗ್ ಬಂದ್ ಇದ್ದಾಗ ಒಣಮೀನು, ಆಗ ಗೊಬ್ಬರಾನೂ ಕಮ್ಮಿ.

ದುಡ್ಡಿನ ಲೆಕ್ಕ ಸರಳ ಮಾಡ್ಕೊಂಡಿದೀವಿ. ಗೋಡೆ ಕ್ಯಾಲೆಂಡರಲ್ಲಿ ಯಾರು ಎಷ್ಟು ಹೊತ್ತಿನ ಊಟ ಮಾಡಿದ್ರು ಅಂತ ಗೀಟು, ತಿಂಗಳ ಕೊನೆಗೆ ಒಟ್ಟು ಖರ್ಚನ್ನ ಒಟ್ಟು ಊಟದಿಂದ ಭಾಗಿಸೋದು, ನೈಟ್ ಡ್ಯೂಟಿ ಇದ್ದವರಿಗೆ ಅವ್ರ ಗೀಟಷ್ಟೇ, ಮಕ್ಕಳಿಗೆ ಅರ್ಧ. ಮೀನಿಗೆ ಬೇರೆ ಪುಸ್ತಕ. ಇದ್ರಲ್ಲಿ ಇವತ್ತಿನವರೆಗೂ ಒಂದು ಸಲವೂ ಜಗಳ ಆಗಿಲ್ಲ.

ಜಗಳ ಆಗಿದ್ದು ಕೆಲಸದ ವಿಷಯಕ್ಕೆ. ಶುರುವಲ್ಲಿ ಯಾರಿಗೆ ಏನು ಇಷ್ಟಾನೋ ಅದನ್ನ ಮಾಡ್ಲಿ ಅಂತ ಬಿಟ್ಟಿದ್ವಿ, ಅದು ತಪ್ಪು. ಗಿಡ ನೆಡೋಕೆ, ಬೀಜ ಹಾಕೋಕೆ, ಫೋಟೋ ತೆಗೆಯೋಕೆ ಎಲ್ರಿಗೂ ಇಷ್ಟ, ಬಚ್ಚಲ ಕಾಲುವೇಲಿ ಕಟ್ಟಿದ ಕೂದಲು, ಜಿಡ್ಡು ತೆಗೆಯೋಕೆ, ಹಸಿಕಸದಿಂದ ಅಡುಗೆ ಗ್ಯಾಸ್ ಮಾಡೋ ಡ್ರಮ್ಮಿಗೆ ಕಸ ಕಲಸಿ ಹಾಕೋಕೆ ಯಾರಿಗೂ ಇಷ್ಟ ಇಲ್ಲ, ಎರಡು ವರ್ಷ ಅದನ್ನ ಮಾಡಿದ್ದು ನಾನು ಮತ್ತೆ ಔಟ್‌ಹೌಸಿನ ಹೆಂಗಸು ಇಬ್ರೇ. ಅವಳು ಒಂದಿನ ಅಳ್ತಾ ನಾವು ಬಾಡಿಗೆ ಕೊಟ್ಟು ಇಲ್ಲಿ ಚಾಕರಿ ಮಾಡ್ಬೇಕಾ ಅಂದ್ಲು, ಆ ಮಳೆಗಾಲ ಮುಗಿಯೋದ್ರೊಳಗೆ ಅವರು ಮನೆ ಖಾಲಿ ಮಾಡಿದ್ರು. ಅವಳು ಹೇಳಿದ್ದು ಸರಿ ಇತ್ತು, ಇವತ್ತಿಗೂ ಅದು ನನ್ನ ಮನಸ್ಸಲ್ಲಿದೆ. ಆಮೇಲೆ ಮಾಡಿದ ನಿಯಮ ಏನಂದ್ರೆ, ಒಳ್ಳೆ ಕೆಲಸ ಯಾರು ಬೇಕಾದ್ರೂ ಮಾಡ್ಲಿ, ಹೊಲಸು ಕೆಲಸ ಮಾತ್ರ ಪಾಳಿ, ವಾರಕ್ಕೊಬ್ರು, ಗಂಡಸರು ಮೊದಲು. ಮೇಷ್ಟ್ರು, ನಮ್ಮನೆಯವ್ರು ಇಬ್ರೂ ಈಗ ತಪ್ಪದೆ ಮಾಡ್ತಾರೆ. ಔಟ್‌ಹೌಸಿಗೆ ಆಮೇಲೆ ಬಂದವರಿಗೆ ಅಡ್ವಾನ್ಸ್ ತಗೊಳ್ಳೋ ಮುಂಚೆನೇ ಆ ಪಾಳಿ ಪಟ್ಟಿ ತೋರಿಸಿದ್ದೆ.

ಗ್ಯಾಸ್ ಡ್ರಮ್ಮಿನ ಐಡಿಯಾ ಮೇಷ್ಟ್ರದ್ದು. ಶಿರಸಿ ಕಡೆ ದನ ಇರೋ ಮನೇಲೆಲ್ಲ ಗೋಬರ್ ಗ್ಯಾಸ್ ಇರತ್ತಲ್ಲ, ಅವರು ಅದನ್ನ ನೋಡಿ ಬೆಳೆದವರು. ದನ ಇಲ್ಲದವ್ರಿಗೆ ಹಸಿಕಸದ್ದು ಬರತ್ತೆ, ಒಂದು ಕ್ಯೂಬಿಕ್ ಮೀಟರಿನ ಪ್ಲಾಸ್ಟಿಕ್ ಟ್ಯಾಂಕು, ಮೇಲೊಂದು ಮಗುಚಿದ ಡ್ರಮ್ಮು ತೇಲತ್ತೆ. ಸುಂಕೇರಿಯ ಒಂದು ಮನೆಯಿಂದ ಸಗಣಿ ತಂದು ಕಲಸಿ ತುಂಬಿ, ಇಪ್ಪತ್ತು ದಿನ ಕಾದ್ಮೇಲೆ ನೀಲಿ ಜ್ವಾಲೆ ಬಂತು. ಇಬ್ರೇ ಇದ್ದಾಗ ನಮ್ಮನೇಲಿ ದಿನಕ್ಕೆ ಅರ್ಧ ಕೆಜಿ ಹಸಿಕಸಾನೂ ಆಗ್ತಿರ್ಲಿಲ್ಲ, ಅಷ್ಟಕ್ಕೆ ಇದು ಏಳೋದೇ ಇಲ್ಲ. ಹನ್ನೊಂದು ಜನಕ್ಕೆ ಎರಡೂವರೆ, ಮೂರು ಕೆಜಿ ಆಗತ್ತೆ, ಅನ್ನದ ಗಂಜಿ ಬೇರೆ, ಒಂದು ಒಲೆ ಮುಕ್ಕಾಲು ಗಂಟೆ ಉರಿಯತ್ತೆ. ಮಳೆಗಾಲದಲ್ಲಿ ತಂಡಿಗೆ ಅರ್ಧಕ್ಕೆ ಇಳಿಯತ್ತೆ. ಮರುವರ್ಷದ ಮೇ ತಿಂಗಳಲ್ಲಿ ನಾನು ಎರಡು ಬುಟ್ಟಿ ಹಲಸಿನ ರೆಚ್ಚೆನ ಒಂದೇ ದಿನ ಅದಕ್ಕೆ ಹಾಕಿಬಿಟ್ಟೆ. ಸಿಹಿ ಜಾಸ್ತಿಯಾಗಿ ಒಳಗಡೆ ಪೂರ್ತಿ ಹುಳಿಯಾಯ್ತು, ಗ್ಯಾಸ್ ಬರತ್ತೆ ಆದ್ರೆ ಹೊತ್ಕೊಳ್ಳಲ್ಲ, ವಾಸನೆ ಅಂತೂ ರಸ್ತೆವರೆಗೂ. ಹತ್ತು ದಿನ ಏನೂ ಹಾಕದೆ, ಸ್ವಲ್ಪ ಸುಣ್ಣದ ತಿಳಿ, ಎರಡು ಬಕೆಟ್ ಸಗಣಿ ನೀರು ಹಾಕಿದ್ಮೇಲೆ ಸರಿಯಾಯ್ತು. ಹುಳಿ ಹಣ್ಣಿನ ಸಿಪ್ಪೆ, ಮುರುಗಲ (ಕೋಕಂ) ಸಿಪ್ಪೆ ಇದಕ್ಕೆ ಹಾಕೋದೇ ಇಲ್ಲ ಈಗ.

ಇನ್ನು ನೀರು. ಇದರ ಬಗ್ಗೆ ಜಾಸ್ತಿ ಹೇಳ್ಬೇಕು, ಯಾಕಂದ್ರೆ ನಾವು ಜಾಸ್ತಿ ದುಡ್ಡು ಕಳೆದಿದ್ದೂ ಜಾಸ್ತಿ ಕಲಿತಿದ್ದೂ ಇಲ್ಲೇ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಹತ್ತಿರ ಮಳೆ. ನಮ್ಮ ಮಾಡು 1200 ಚದರಡಿ, ಅಂದ್ರೆ ಸುಮಾರು 111 ಚದರ ಮೀಟರು, ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರು, ಚೆಲ್ಲಿದ್ದು ಒದ್ದೆಯಾಗಿದ್ದು ಕಳೆದ್ರೂ ಎರಡೂವರೆ ಲಕ್ಷ ಲೀಟರ್ ಬರತ್ತೆ. ಈ ಲೆಕ್ಕ ನೋಡಿ ಖುಷಿಯಾಗಿ ಮಾಡಿನ ನೀರೆಲ್ಲ ಬಾವಿಗೆ ಬಿಡೋ ಹಾಗೆ ಪೈಪು, ಜಲ್ಲಿ ಇದ್ದಿಲು ಹೊಯ್ಗೆಯ ಫಿಲ್ಟರ್ ಡ್ರಮ್ಮು ಎಲ್ಲ ಮಾಡಿಸಿದ್ವಿ. ಕೆಲಸ ಮಾಡಿದವ್ರು ಮಾಡಿನ ಅಂಚಿಗೆ ನೀರು ಹಿಡಿಯೋ ದೋಣಿನ ನಾಲ್ಕಿಂಚಿಂದು ಹಾಕಿ ಹೋದ್ರು, ಜೂನಿನ ಮೊದಲ ದೊಡ್ಡ ಮಳೆಗೇ ಅದು ಉಕ್ಕಿ ಗೋಡೆ ಬುಡದ ಹೊಯ್ಗೆ ಕೊರೆದು ತಳಪಾಯದ ಕಲ್ಲು ಕಾಣೋ ಹಾಗಾಯ್ತು. ನಮ್ಮ ಕಡೆಯ ಮಳೆಗೆ ಆರಿಂಚಿಗಿಂತ ಕಮ್ಮಿ ದೋಣಿ ಹಾಕಿಸ್ಬೇಡಿ.

ಅದಕ್ಕಿಂತ ದೊಡ್ಡ ತಪ್ಪು ತಿಳಿದಿದ್ದು ಮುಂದಿನ ಏಪ್ರಿಲ್‌ನಲ್ಲಿ. ಅಷ್ಟೆಲ್ಲ ನೀರು ಬಾವಿಗೆ ಬಿಟ್ರೂ ತೊಗರಿಬೇಳೆ ಬೇಯಲ್ಲ, ಚಹಾ ಉಪ್ಪುಪ್ಪು. ನೀರಲ್ಲಿ ಕರಗಿದ ಉಪ್ಪು, ಖನಿಜ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸೋ ಟಿಡಿಎಸ್ ಮೀಟರ್ ತಂದು ನೋಡಿದ್ರೆ ಆಗಸ್ಟಲ್ಲಿ 180 ಇದ್ದಿದ್ದು ಮೇ ಹೊತ್ತಿಗೆ 1100, ಕುಡಿಯೋ ನೀರಿಗೆ 500ರೊಳಗೆ ಇರ್ಬೇಕು. ಯೋಚನೆ ಮಾಡಿದ್ರೆ ಕಾರಣ ಕಣ್ಣೆದುರೇ ಇತ್ತು. ಜುಲೈನಲ್ಲಿ ಬಾವಿ ತಾನೇ ತುಂಬಿರತ್ತೆ, ಆಗ ಬಿಟ್ಟ ನೀರು ನೆಲದೊಳಗೇ ಸರಿದು ಹೊಳೆಗೇ ಹೋಗತ್ತೆ, ಬೇಸಿಗೆಗೆ ಉಳಿಯಲ್ಲ. ಸಮುದ್ರದ ಹತ್ರದ ನೆಲದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲ್ತಾ ಇರತ್ತೆ, ಉಪ್ಪುನೀರು ಭಾರ. ಸಮುದ್ರ ಮಟ್ಟಕ್ಕಿಂತ ಒಂದಡಿ ಮೇಲೆ ಸಿಹಿನೀರು ನಿಂತ್ರೆ ಕೆಳಗೆ ಸುಮಾರು 40 ಅಡಿವರೆಗೆ ಸಿಹಿ ಇರತ್ತೆ ಅನ್ನೋದು ಲೆಕ್ಕ, ಅದೇ ನಾವು ಪಂಪ್ ಹಾಕಿ ಒಂದೇ ಸಲಕ್ಕೆ ಮಟ್ಟ ಇಳಿಸಿದ್ರೆ ಕೆಳಗಿನ ಉಪ್ಪು ಗೋಪುರದ ಹಾಗೆ ಮೇಲಕ್ಕೆ ಏಳತ್ತೆ. ನಮ್ಮದು ಒಂದು ಎಚ್‌ಪಿ ಪಂಪು, ಬೆಳಿಗ್ಗೆ ಒಂದೇ ಏಟಿಗೆ ಟ್ಯಾಂಕ್ ತುಂಬಿಸ್ತಿದ್ವಿ. ಅಂದ್ರೆ ಬಾವಿಗೆ ಉಪ್ಪು ಎಳ್ಕೊಂಡಿದ್ದು ನಾವೇ.

ಅದನ್ನ ತೆಗೆದು ಅರ್ಧ ಎಚ್‌ಪಿಯದ್ದು ಹಾಕಿದ್ವಿ, ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ, ಮಧ್ಯೆ ಬಾವಿಗೆ ಬಿಡುವು. ಬಾವಿಯೊಳಗಿನ ಪೈಪಿನ ತುದೀಲಿರೋ ಫುಟ್‌ವಾಲ್ವನ್ನ ತಳದಿಂದ ನಾಲ್ಕಡಿ ಮೇಲಕ್ಕೆತ್ತಿ ಕಟ್ಟಿದ್ವಿ. ಮಳೆನೀರು ನೆಲಕ್ಕೆ ಇಂಗ್ಲಿ ಅಂತ ಅಂಗಳದ ಕಾಂಕ್ರೀಟ್ ಒಡೆಸಿದ್ವಿ, ನಮ್ಮನೆಯವ್ರಿಗೆ ಬಹಳ ಬೇಜಾರಾಗಿತ್ತು, ಅವರ ಅಪ್ಪ ಹಾಕಿಸಿದ ಅಂಗಳ ಅದು. ಮಾಡಿನ ನೀರನ್ನ ಈಗ ಮಳೆಗಾಲ ಪೂರ್ತಿ ಅಡುಗೆಗೆ, ಸ್ನಾನಕ್ಕೆ ನೇರ ಟ್ಯಾಂಕಿಂದ್ಲೇ ಬಳಸ್ತೀವಿ, ಬಾವಿ ಮುಟ್ಟೋದೇ ಇಲ್ಲ, ಸೆಪ್ಟೆಂಬರ್ ಅಕ್ಟೋಬರಿನ ಹಿಂಗಡೆ ಮಳೆ ಮಾತ್ರ ಬಾವಿಗೆ ಬಿಡ್ತೀವಿ, ಅಷ್ಟೊತ್ತಿಗೆ ಬಾವಿ ಇಳಿಯೋಕೆ ಶುರುವಾಗಿರತ್ತೆ, ಬಿಟ್ಟಿದ್ದು ನಿಲ್ಲತ್ತೆ. ಮೂರನೇ ಬೇಸಿಗೆಗೆ ಮೇ ತಿಂಗಳ ಮೀಟರು 640 ತೋರಿಸ್ತು. ಬೇಳೆ ಬೆಂತು.

ಬಚ್ಚಲ ನೀರು ಬಸಳೆ ಚಪ್ಪರಕ್ಕೆ, ಕೆಸುವಿಗೆ, ಬಾಳೆ ಬುಡಕ್ಕೆ ಹೋಗ್ಬೇಕು ಅನ್ನೋದು ನಮ್ಮ ಅಜ್ಜಿಯರಿಗೆಲ್ಲ ಗೊತ್ತಿದ್ದಿದ್ದೇ. ಆದ್ರೆ ಅವ್ರ ಕಾಲದಲ್ಲಿ ಸೀಗೆ, ಬೂದಿ, ಅಂಟುವಾಳ. ನಾವು ಬಟ್ಟೆ ಒಗೆದ ಪೌಡರ್ ನೀರು ಬಿಟ್ಟಾಗ ಬಸಳೆ ಎಲೆಯ ಅಂಚು ಸುಟ್ಟ ಹಾಗಾಯ್ತು. ಈಗ ಅಂಟುವಾಳ ಶಿರಸಿಯಿಂದ ಮೇಷ್ಟ್ರು ತರ್ತಾರೆ, ರಾತ್ರಿ ನೆನೆಸಿ ಬೆಳಿಗ್ಗೆ ಕಿವುಚಿದ್ರೆ ಬಕೆಟ್ ತುಂಬ ನೊರೆ, ಮನೆ ಬಟ್ಟೆಗೆಲ್ಲ ಸಾಕು. ನರ್ಸ್ ಹುಡುಗೀರ ಯೂನಿಫಾರ್ಮಿಗೆ ಪೌಡರ್ ಬೇಕೇ ಬೇಕು, ಅದನ್ನ ಒಗೆಯೋ ಕಲ್ಲಿನ ನೀರಿಗೆ ಬೇರೆ ಕಾಲುವೆ ಮಾಡಿ ತೆಂಗಿಗೆ ಬಿಟ್ಟಿದೀವಿ, ತೆಂಗು ಉಪ್ಪು ತಡ್ಕೊಳ್ಳತ್ತೆ.

ಹೊಯ್ಗೇಲಿ ತರಕಾರಿ ಬೆಳೆಯೋದನ್ನ ಕಲಿಸಿದ್ದು ಬಾಗಿಲಿಗೆ ಸೊಪ್ಪು ತರ್ತಿದ್ದ ಹಾಲಕ್ಕಿ ಒಕ್ಕಲಿಗರ ಅಜ್ಜಿ. ಒಂದಿನ ಹಿತ್ಲಿಗೆ ಕರ್ಕೊಂಡು ಹೋಗಿ ತೋರಿಸ್ದೆ. ಅವಳು ಬಗ್ಗಿ ಒಂದು ಹಿಡಿ ಹೊಯ್ಗೆ ಎತ್ತಿ ಬೆರಳ ಸಂದೀಲಿ ಬಿಟ್ಲು, ಎಲ್ಲ ಜಾರಿ ಹೋಯ್ತು, ಇದಕ್ಕೆ ಹೊಟ್ಟೆ ಇಲ್ಲ ತಂಗಿ, ಮೊದಲು ಹೊಟ್ಟೆ ಮಾಡು ಅಂದ್ಲು. ಒಂದೂವರೆ ಅಡಿ ಚರಂಡಿ ತೋಡಿ ತಳದಲ್ಲಿ ತೆಂಗಿನ ಸಿಪ್ಪೆನ ಬಟ್ಟಲಿನ ಹಾಗೆ ಮೇಲ್ಮುಖ ಮಾಡಿ ಎರಡು ಸಾಲು ಜೋಡಿಸಿ, ಮೇಲೆ ತರಗೆಲೆ, ಮೇಲೆ ಗೊಬ್ಬರ, ಆಮೇಲೆ ಮಣ್ಣು. ಸಿಪ್ಪೆ ನೀರು ಕುಡಿದು ಹಿಡ್ಕೊಂಡಿರತ್ತೆ, ಬೇರು ಹುಡುಕ್ಕೊಂಡು ಅಲ್ಲಿಗೇ ಹೋಗತ್ತೆ. ತರಗೆಲೆ ಸುಡ್ತಿದ್ದ ಆಚೀಚೆ ಮನೆಯವ್ರು ಈಗ ಚೀಲದಲ್ಲಿ ಕಟ್ಟಿ ನಮ್ಮ ಗೇಟಿಗೆ ಇಟ್ಟು ಹೋಗ್ತಾರೆ. ಮಳೆಗಾಲಕ್ಕೆ ಮೊಗೆಕಾಯಿ, ಹಾಲುಬೆಂಡೆ, ಹೀರೆ, ಚಳಿಗಾಲಕ್ಕೆ ಹರಿವೆ, ಅಲಸಂದೆ, ಬದನೆ, ಬೇಸಿಗೆಗೆ ಬಸಳೆ, ತೊಂಡೆ. ಪೂರ್ತಿ ತರಕಾರಿ ನಾವೇ ಬೆಳೀತೀವಿ ಅಂತ ಹೇಳಲ್ಲ, ಈರುಳ್ಳಿ ಆಲೂಗಡ್ಡೆ ಪೇಟೆಯದ್ದೇ, ಅಕ್ಕಿ ಬೇಳೆನೂ ಕೊಂಡಿದ್ದೇ. ಆದ್ರೆ 2024ರ ಜುಲೈ 16ಕ್ಕೆ ಅಂಕೋಲೆ ಹತ್ರದ ಶಿರೂರಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಗಿ, ಊರಲ್ಲೆಲ್ಲ ಅದೇ ದುಃಖದ ಮಾತು ನಡೀತಿದ್ದ ದಿನಗಳಲ್ಲಿ, ಯಾರೂ ಪೇಟೆಗೆ ಹೋಗೋ ಮನಸ್ಸಿಲ್ಲದೆ ಹನ್ನೊಂದು ಜನ ವಾರಗಟ್ಟಲೆ ಮೊಗೆಕಾಯಿ ಹುಳಿ, ಕೆಸುವಿನ ಪತ್ರೊಡೆಯಲ್ಲೇ ಊಟ ಮಾಡಿದ್ವಿ.

ಸೋಲಾರ್ ಬಗ್ಗೆ ಕೇಳೋರು ಜಾಸ್ತಿ, ನನಗೆ ಹೇಳೋಕಿರೋದು ಕಮ್ಮಿ. 3 ಕಿಲೋವ್ಯಾಟ್ ಹಾಕಿದೀವಿ, ಪಿಎಂ ಸೂರ್ಯಘರ್ ಯೋಜನೇಲಿ 78,000 ರೂಪಾಯಿ ಸಬ್ಸಿಡಿ ಬಂತು, ಜುಲೈನಲ್ಲಿ ಲೆಕ್ಕಕ್ಕಿಲ್ಲ, ಜನವರಿಯಿಂದ ಮೇವರೆಗೆ ಚೆನ್ನಾಗಿದೆ. ಅದಕ್ಕೂ ಮುಂಚೆ ಹಾಕಿಸಿದ್ದ ನೀರು ಕಾಯಿಸೋ ಸೋಲಾರಿಗೆ ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡ್ ಕೊಟ್ಟಿದ್ರು, ಉಪ್ಪುಗಾಳಿಗೆ ಎರಡೇ ಮಳೆಗಾಲದಲ್ಲಿ ತುಕ್ಕು ತಿಂದು ಒಂದು ಕಾಲು ಮುರೀತು. ಗ್ಯಾಲ್ವನೈಸ್ ಮಾಡಿದ್ದೋ ಅಲ್ಯೂಮಿನಿಯಮ್ಮೋ ಅಂತ ಮೊದಲೇ ಕೇಳಿ ಬರೆಸ್ಕೊಳ್ಳಿ.

ಕಳೆದ ಬೇಸಿಗೇಲಿ ಮೀಟರು ಮತ್ತೆ 700 ದಾಟಿತು, ನಾವೇನೂ ಬದಲಾಯಿಸಿರ್ಲಿಲ್ಲ. ಬೆಳಿಗ್ಗೆ ಬಾವಿಗೆ ಹಗ್ಗ ಇಳಿಸಿ ಗಂಟೆಗಂಟೆಗೆ ಅಳತೆ ತಗೊಂಡಾಗ ಗೊತ್ತಾಯ್ತು, ನಾವು ಪಂಪ್ ಹಾಕದಿದ್ರೂ ಆರೂವರೆಗೆ ಮಟ್ಟ ನಾಲ್ಕಿಂಚು ಇಳೀತಿತ್ತು, ಪಕ್ಕದ ಮನೆಯ ಪಂಪು ಅದೇ ಹೊತ್ತಿಗೆ ಓಡೋದು. ಅವ್ರ ಬಾವಿ ನಮ್ಮ ಬಾವಿಯಿಂದ ಹದಿನೈದು ಮಾರು, ನೆಲದೊಳಗಿನ ನೀರು ಒಂದೇ. ಆ ಹಗ್ಗದ ಗಂಟುಗಳನ್ನೇ ತಗೊಂಡು ಹೋಗಿ ತೋರಿಸಿದೆ. ಈಗ ಅವರು ಬೆಳಿಗ್ಗೆ, ನಾವು ಸಂಜೆ. ಹೋದ ವಾರ ಅವ್ರ ಮಗ ಬಂದು ನಮ್ಮ ದೋಣಿಯ ಅಳತೆ ತಗೊಂಡು ಹೋಗಿದ್ದಾನೆ, ಆರಿಂಚಿಂದೇ ಹಾಕಿಸು ಅಂತ ಹೇಳಿ ಕಳಿಸಿದೀನಿ.