ಕೆಪಾಸಿಟರಿನಲ್ಲಿ ವಿದ್ಯುದಾವೇಶ ನಿಲ್ಲುವುದು ಹೇಗೆ? ಮಾಡಿ ನೋಡಿ

ಎರಡು ಲೋಹದ ಫಲಕಗಳು, ನಡುವೆ ವಿದ್ಯುತ್ತನ್ನು ಹಾಯಗೊಡದ ತೆಳು ಪದರ. ಕೆಪಾಸಿಟರ್ ಎಂದರೆ ಇಷ್ಟೇ. 1740ರ ದಶಕದ ಲೈಡನ್ ಜಾಡಿಯಲ್ಲಿ ಆ ಪದರ ಗಾಜಿನದಾಗಿತ್ತು; ಇಂದಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನಲ್ಲಿ ಅದು ಅಲ್ಯೂಮಿನಿಯಂ ಹಾಳೆಯ ಮೇಲೆಯೇ ಬೆಳೆಸಿದ ಆಕ್ಸೈಡ್.

ಬೇಕಾಗುವುದು: 9 ವೋಲ್ಟ್ ಬ್ಯಾಟರಿ, 1000 ಮೈಕ್ರೋಫ್ಯಾರಡ್, 25 ವೋಲ್ಟ್ ಎಂದು ಬರೆದಿರುವ ಕೆಪಾಸಿಟರ್, 10 ಕಿಲೋಓಮ್ ಮತ್ತು 1 ಕಿಲೋಓಮ್ ರೆಸಿಸ್ಟರ್, ಕೆಂಪು ಎಲ್‌ಇಡಿ, ಮಲ್ಟಿಮೀಟರ್.

ಮೊದಲು ಕೆಪಾಸಿಟರಿನ ಕಾಲುಗಳನ್ನು ಗುರುತಿಸಿಕೊಳ್ಳಿ. ಮೈಮೇಲೆ ಪಟ್ಟಿ ಎಳೆದಿರುವ ಬದಿಯದು ಋಣ. ಇಲ್ಲಿ ಉದಾಸೀನ ಸಲ್ಲದು: ಅದಲುಬದಲಾದರೆ ಆಕ್ಸೈಡ್ ಪದರ ಕೆಟ್ಟು ಡಬ್ಬಿ ಉಬ್ಬಿ ಸಿಡಿಯಬಹುದು.

ಬ್ಯಾಟರಿಯ ಧನ ತುದಿಯನ್ನು 10 ಕಿಲೋಓಮ್ ರೆಸಿಸ್ಟರ್ ಮೂಲಕ ಕೆಪಾಸಿಟರಿನ ಧನ ಕಾಲಿಗೆ, ಋಣವನ್ನು ನೇರವಾಗಿ ಋಣಕ್ಕೆ ಜೋಡಿಸಿ. ಕೆಪಾಸಿಟರಿನ ಕಾಲುಗಳಿಗೆ ಮೀಟರ್ ಹಚ್ಚಿ. ಸುಮಾರು 10 ಸೆಕೆಂಡಿಗೆ 5.7 ವೋಲ್ಟ್, 20ಕ್ಕೆ 7.8, ಆಮೇಲೆ ತೆವಳಾಟ, 50 ಸೆಕೆಂಡಿಗೆ 8.9. (ಕೆಪಾಸಿಟರಿನ ಮೌಲ್ಯ ಶೇ 20ರಷ್ಟು ಆಚೀಚೆ ಇರುವುದು ಮಾಮೂಲು, ನಿಮ್ಮ ಅಂಕಿ ತುಸು ಬೇರೆಯಾದರೆ ಗಾಬರಿ ಬೇಡ.)

ಗುಟ್ಟು ಇರುವುದೇ ಈ ತೆವಳಾಟದಲ್ಲಿ. ಬ್ಯಾಟರಿ ಒಂದು ಫಲಕದಿಂದ ಎಲೆಕ್ಟ್ರಾನುಗಳನ್ನು ಎಳೆದು ಇನ್ನೊಂದಕ್ಕೆ ತಳ್ಳುತ್ತದೆ. ನಡುವಿನ ಪದರವನ್ನು ಅವು ದಾಟಲಾರವು; ತಂತಿ ಬಳಸಿಕೊಂಡೇ ಹೋಗಬೇಕು. ಮೊದಲು ಬಂದವಕ್ಕೆ ತಡೆಯಿಲ್ಲ. ಆಮೇಲೆ ಬರುವವನ್ನು ತುಂಬಿದ ಬಸ್ಸಿನೊಳಗಿನವರಂತೆ ಆಗಲೇ ಸೇರಿಕೊಂಡವು ಹೊರದೂಡುತ್ತವೆ. ಕೆಪಾಸಿಟರಿನ ವೋಲ್ಟೇಜ್ ಬ್ಯಾಟರಿಯದಕ್ಕೆ ಸಮನಾದಾಗ ಹರಿವು ನಿಲ್ಲುತ್ತದೆ. ಒಂದು ಫಲಕ ಕಳೆದುಕೊಂಡಷ್ಟನ್ನೇ ಇನ್ನೊಂದು ಗಳಿಸಿರುವುದರಿಂದ ಇಡೀ ಕೆಪಾಸಿಟರಿನ ಲೆಕ್ಕದಲ್ಲಿ ಆವೇಶ ಹೆಚ್ಚಿಯೂ ಇಲ್ಲ, ತಗ್ಗಿಯೂ ಇಲ್ಲ! ‘ಕೆಪಾಸಿಟರಿನಲ್ಲಿ ವಿದ್ಯುತ್ ತುಂಬಿದೆ’ ಎಂಬ ರೂಢಿಯ ಮಾತು ನನ್ನ ಪ್ರಕಾರ ಅರ್ಧ ಸತ್ಯ. ಬೇರ್ಪಟ್ಟ ಧನ ಋಣಗಳ ನಡುವೆ ಏರ್ಪಟ್ಟ ವಿದ್ಯುತ್ ಕ್ಷೇತ್ರದಲ್ಲಿ ಶಕ್ತಿ ಅಡಗಿರುತ್ತದೆ. ಫಲಕ ಅಗಲವಾದಷ್ಟೂ, ಪದರ ತೆಳುವಾದಷ್ಟೂ ಧಾರಕತೆ, ಅಂದರೆ ಒಂದೊಂದು ವೋಲ್ಟಿಗೆ ಹಿಡಿಯುವ ಆವೇಶ, ಹೆಚ್ಚು. ನಮ್ಮದರಲ್ಲಿ ಪ್ರತಿ ಫಲಕದ ಪಾಲಿನ ಆವೇಶ 0.001 ಫ್ಯಾರಡ್ × 9 ವೋಲ್ಟ್, ಅಂದರೆ 0.009 ಕೂಲಂಬ್, ಶಕ್ತಿ ಬರೀ 0.04 ಜೌಲ್.

ಈಗ ಬ್ಯಾಟರಿ ಕಿತ್ತುಬಿಡಿ. ಮೀಟರ್ ಸೊನ್ನೆಗೆ ಬೀಳುವುದಿಲ್ಲ. 1 ಕಿಲೋಓಮ್ ರೆಸಿಸ್ಟರ್ ಮತ್ತು ಎಲ್‌ಇಡಿಯನ್ನು ಸಾಲಾಗಿ, ಎಲ್‌ಇಡಿಯ ಉದ್ದ ಕಾಲು ಧನದ ಕಡೆಗಿರುವಂತೆ ಕೆಪಾಸಿಟರಿನ ಕಾಲುಗಳಿಗೆ ಜೋಡಿಸಿ. ಫಕ್ಕನೆ ಹೊತ್ತಿ, ಕೆಲವೇ ಸೆಕೆಂಡುಗಳಲ್ಲಿ ಮಂಕಾಗುತ್ತದೆ. ಆರಿದಂತೆ ಕಂಡಾಗಲೂ ಮೀಟರಿನಲ್ಲಿ ಒಂದೂವರೆ ವೋಲ್ಟಿನ ಆಸುಪಾಸು ಉಳಿದಿರುತ್ತದೆ, ಏಕೆಂದರೆ ಅದಕ್ಕಿಂತ ಕೆಳಗೆ ಕೆಂಪು ಎಲ್‌ಇಡಿ ವಿದ್ಯುತ್ತನ್ನು ಬಹುತೇಕ ಬಿಡುವುದೇ ಇಲ್ಲ. ಮಿಕ್ಕಿದ್ದನ್ನು ರೆಸಿಸ್ಟರ್ ಒಂದನ್ನೇ ತಾಗಿಸಿ ಖಾಲಿ ಮಾಡಿ. ಕ್ಯಾಮೆರಾ ಫ್ಲ್ಯಾಶಿನ ಕೆಪಾಸಿಟರಿಗೆ ಮಾತ್ರ ಕೈ ಹಾಕಬೇಡಿ. ಸ್ವಿಚ್ ಆರಿಸಿದ ಮೇಲೂ ಅದರಲ್ಲಿ ನೂರಾರು ವೋಲ್ಟ್ ಉಳಿದಿರಬಹುದು.